ಕೆಡೆಟ್ ಕ್ಯಾಂಪಿನಲ್ಲಿ ರ್‍ಯಾಗಿಂಗ್ ತಡೆಯುವುದು ಹೇಗೆ?

ಯಾವ ಕೆಡೆಟ್ ಸಂಸ್ಥೆಯನ್ನು ಕೇಳಿದರೂ ‘ನಮ್ಮಲ್ಲಿ ರ್‍ಯಾಗಿಂಗ್ ಇಲ್ಲವೇ ಇಲ್ಲ’ ಎಂದು ಹೇಳುತ್ತಾರೆ. ನಿಯಮದ ಪುಸ್ತಕದಲ್ಲಿ ಹಾಗೇ ಬರೆದಿರುತ್ತದೆ. ಗೋಡೆಯ ಮೇಲೆ ಪೋಸ್ಟರ್ ಇರುತ್ತದೆ. ಕ್ಯಾಂಪಿನ ಮೊದಲ ದಿನ ಒಂದು ಭಾಷಣವೂ ಮುಗಿದಿರುತ್ತದೆ. ಆದರೂ ರಾತ್ರಿ ದೀಪ ಆರಿದ ಮೇಲೆ ಯಾವುದೋ ಟೆಂಟಿನಲ್ಲಿ ಹದಿಮೂರು ವರ್ಷದವನೊಬ್ಬ ಹದಿನೇಳು ವರ್ಷದವನ ಮುಂದೆ ಪುಷ್‌ಅಪ್ ಹೊಡೆಯುತ್ತಿರುತ್ತಾನೆ.

ಇದು ನಡೆಯಬೇಕಾದರೆ ಮೂರು ಸಂಗತಿ ಒಟ್ಟಿಗೆ ಸೇರಬೇಕು. ಒಬ್ಬನ ಕೈಯಲ್ಲಿ ಇನ್ನೊಬ್ಬನನ್ನು ಶಿಕ್ಷಿಸುವ ಅಧಿಕಾರ ಇರಬೇಕು. ದೊಡ್ಡವರು ಯಾರೂ ನೋಡದ ಒಂದಷ್ಟು ಹೊತ್ತು ಸಿಗಬೇಕು. ಹೇಳಿದರೆ ಇನ್ನೂ ಜಾಸ್ತಿ ತೊಂದರೆ ಎಂಬ ಭಯ ಹೊಸಬನಿಗೆ ಇರಬೇಕು. ಭಾಷಣದಿಂದ ಈ ಮೂರರಲ್ಲಿ ಒಂದೂ ಬದಲಾಗುವುದಿಲ್ಲ. ವೇಳಾಪಟ್ಟಿ, ಡ್ಯೂಟಿ ಪಟ್ಟಿ, ಯಾರು ಯಾರಿಗೆ ಶಿಕ್ಷೆ ಕೊಡಬಹುದು ಎಂಬ ಲಿಖಿತ ನಿಯಮ, ಇವುಗಳಿಂದ ಬದಲಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ನೀತಿಪಾಠ ಕಡಿಮೆ, ಕೆಲಸದ ಮಾತು ಜಾಸ್ತಿ.

ಕೆಡೆಟ್ ಕಾರ್ಯಕ್ರಮ ಎಂದರೆ ಇಲ್ಲಿ ಶಾಲಾ-ಕಾಲೇಜು ವಯಸ್ಸಿನವರಿಗೆ ಸೇನೆಯ ಶೈಲಿಯಲ್ಲಿ ತರಬೇತಿ ಕೊಡುವ ಎಲ್ಲವೂ. ಭಾರತದ ಎನ್‌ಸಿಸಿ, ಅಮೆರಿಕದ ಜೂನಿಯರ್ ಆರ್‌ಓಟಿಸಿ, ಬ್ರಿಟನ್ನಿನ ಆರ್ಮಿ ಕೆಡೆಟ್ ಫೋರ್ಸ್, 12ರಿಂದ 18 ವರ್ಷದವರಿಗಾಗಿ ಇರುವ ಕೆನಡಾದ ಕೆಡೆಟ್ ದಳಗಳು, ಹೀಗೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ಕೆಳಗಿನ ಹೆಜ್ಜೆಗಳು ಎಲ್ಲ ಕಡೆಗೂ ಹೊಂದುತ್ತವೆ. ಇದನ್ನು ಮುಖ್ಯವಾಗಿ ಇನ್‌ಸ್ಟ್ರಕ್ಟರ್‌ಗಳಿಗೆ ಮತ್ತು ಘಟಕದ ಹೊಣೆ ಹೊತ್ತ ಶಿಕ್ಷಕರಿಗೆ ಬರೆದಿದ್ದೇನೆ. ಸೀನಿಯರ್ ಕೆಡೆಟ್‌ಗಳಿಗೆ, ಪೋಷಕರಿಗೆ ಬೇಕಾದ ಮಾತೂ ನಡುವೆ ಬರುತ್ತದೆ.

ಹೆಜ್ಜೆ 1: ತರಬೇತಿ ಎಲ್ಲಿ ಮುಗಿಯುತ್ತದೆ ಎಂದು ಬರೆದಿಡಿ

‘ಸೇನೆ ಅಂದ್ರೆ ಕಷ್ಟ ಇರುತ್ತೆ, ಇದೆಲ್ಲ ಗಟ್ಟಿ ಮಾಡೋಕೆ’ ಎನ್ನುವ ಮಾತು ತುಂಬ ಕೇಳಿಬರುತ್ತದೆ. ಕಷ್ಟದ ತರಬೇತಿ ಬೇರೆ, ಕಿರುಕುಳ ಬೇರೆ. ಎರಡನ್ನೂ ಬೇರ್ಪಡಿಸಲು ನಾಲ್ಕು ಪ್ರಶ್ನೆ ಸಾಕು.

ಇದು ಇವತ್ತಿನ ತರಬೇತಿ ಪಟ್ಟಿಯಲ್ಲಿ ಇದೆಯಾ? ಘಟಕದ ಅಧಿಕಾರಿಯೂ ಮಗುವಿನ ತಾಯಿಯೂ ಪಕ್ಕದಲ್ಲೇ ನಿಂತಿದ್ದರೆ ಇದನ್ನು ಮಾಡಿಸುತ್ತೀರಾ? ಇದು ಎಲ್ಲರಿಗೂ ಇದೆಯಾ, ಇಲ್ಲ ಹೊಸಬರಿಗೆ ಮಾತ್ರವಾ? ‘ನಾನು ಮಾಡಲ್ಲ’ ಎಂದವನು ನಾಳೆಯೂ ಎಲ್ಲರ ಜೊತೆ ಮೊದಲಿನಂತೆ ಇರಬಹುದಾ?

ಒಂದಕ್ಕೆ ತಪ್ಪು ಉತ್ತರ ಬಂದರೂ ನಿಲ್ಲಿಸಿ. ಬೆಳಗ್ಗೆ ಐದಕ್ಕೆ ಎದ್ದು ಓಡುವುದು ಕಷ್ಟವೇ. ಆದರೆ ಅದು ಪಟ್ಟಿಯಲ್ಲಿದೆ, ಎಲ್ಲರೂ ಓಡುತ್ತಾರೆ, ಇನ್‌ಸ್ಟ್ರಕ್ಟರ್ ಜೊತೆಗಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಮೂವರನ್ನು ಮಾತ್ರ ಎಬ್ಬಿಸಿ ಓಡಿಸುವುದು ಹಾಗಲ್ಲ.

ಆಮೇಲೆ ನಿಷೇಧಗಳ ಪಟ್ಟಿ ಮಾಡಿ. ‘ಅನುಚಿತ ವರ್ತನೆ’ ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಬಿಡಿಸಿ ಬರೆಯಿರಿ: ಸೀನಿಯರ್‌ಗಳ ಬೂಟ್ ಪಾಲಿಶ್ ಮಾಡಿಸುವುದು, ಬಟ್ಟೆ ಒಗೆಸುವುದು, ಅವಮಾನದ ಅಡ್ಡಹೆಸರು, ನಿದ್ದೆ ಕೆಡಿಸುವುದು, ಊಟ-ನೀರು ತಡೆಯುವುದು, ಬಲವಂತವಾಗಿ ತಿನ್ನಿಸುವುದು ಅಥವಾ ಕುಡಿಸುವುದು, ಹೊಡೆಯುವುದು, ಬಟ್ಟೆ ತೆಗೆಸುವುದು, ವಿಡಿಯೋ ಮಾಡುವುದು. ಬಡ್ತಿ ಸಿಕ್ಕಾಗ ಬ್ಯಾಡ್ಜಿನ ಪಿನ್ನು ಎದೆಗೆ ಚುಚ್ಚುವಂತೆ ಗುದ್ದುವ ಪದ್ಧತಿಯನ್ನೂ ಸೇರಿಸಿ. ಅಮೆರಿಕದ ಮರೀನ್ ಪಡೆಯಲ್ಲಿ ಹೀಗೆ ಮಾಡಿದ ವಿಡಿಯೋ 1997ರಲ್ಲಿ ಟಿವಿಯಲ್ಲಿ ಬಂದು ದೊಡ್ಡ ಗಲಾಟೆಯಾಗಿತ್ತು.

ಪಟ್ಟಿಯಲ್ಲಿ ಬೂಟ್ ಪಾಲಿಶ್ ಮೊದಲು ಬಂದದ್ದು ಸುಮ್ನೆ ಅಲ್ಲ. ಯಾರೂ ಮೊದಲ ದಿನವೇ ಹೊಡೆಯುವುದಿಲ್ಲ. ‘ನನ್ನ ಬೂಟ್ ತಗೊಂಡು ಬಾ’ ಎಂಬಲ್ಲಿಂದ ಶುರುವಾಗುತ್ತದೆ. ಅಲ್ಲಿ ನಿಲ್ಲಿಸುವುದು ಸುಲಭ. ಹತ್ತನೇ ದಿನ ನಿಲ್ಲಿಸುವುದು ಕಷ್ಟ.

ಇನ್ನೊಂದು ಮಾತು. ‘ಅವನೇ ಒಪ್ಪಿಕೊಂಡಿದ್ದ’ ಎನ್ನುವುದನ್ನು ಎಂದೂ ಸಮರ್ಥನೆಯಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ವಾದ ನಡೆಯುವುದಿಲ್ಲ ಎಂದು ಕಾನೂನಿನಲ್ಲೇ ಇದೆ. ಕೆಡೆಟ್‌ಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಆದೇಶ ಬಂದ ತಕ್ಷಣ ಯೋಚಿಸದೆ ಪಾಲಿಸುವುದನ್ನು ಡ್ರಿಲ್ ಮೈದಾನದಲ್ಲಿ ನಾವೇ ಅಭ್ಯಾಸ ಮಾಡಿಸಿರುತ್ತೇವೆ, ಅಲ್ವಾ? ಅದೇ ಹುಡುಗ ರಾತ್ರಿ ಟೆಂಟಿನಲ್ಲಿ ‘ಯೆಸ್ ಸರ್’ ಎಂದರೆ ಅದು ಒಪ್ಪಿಗೆ ಹೇಗಾಗುತ್ತದೆ?

ಹಾಗಾಗಿ ಡ್ರಿಲ್ ಕಲಿಸುವ ಮೊದಲ ವಾರದಲ್ಲೇ ಇದನ್ನೂ ಕಲಿಸಿ: ತರಬೇತಿ ಪಟ್ಟಿಯ ಹೊರಗಿನ ಆದೇಶ ಆದೇಶವೇ ಅಲ್ಲ. ಇದು ಸೇನೆಗೆ ವಿರುದ್ಧವಾದ ಮಾತಲ್ಲ. ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ‘ಮೇಲಿನವರು ಹೇಳಿದ್ದರು, ಮಾಡಿದೆ’ ಎಂಬ ವಾದ ಯಾರನ್ನೂ ಬಿಡುಗಡೆ ಮಾಡಲಿಲ್ಲ. ಹದಿಹರೆಯದವರಿಗೆ ಈ ಇತಿಹಾಸ ಚೆನ್ನಾಗಿ ಅರ್ಥವಾಗುತ್ತದೆ, ಕುತೂಹಲದಿಂದ ಕೇಳುತ್ತಾರೆ.

ಹೆಜ್ಜೆ 2: ಯಾರೂ ನೋಡದ ಹೊತ್ತು, ಯಾರೂ ನೋಡದ ಜಾಗ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ.

ಕ್ಯಾಂಪಿಗೆ ಮೊದಲು ಒಂದು ಕಾಗದ ಹಿಡಿದು ಇಡೀ ಜಾಗ ಸುತ್ತಿ. ಒಮ್ಮೆ ಹಗಲಲ್ಲಿ, ಒಮ್ಮೆ ಕತ್ತಲಾದ ಮೇಲೆ. ಶೌಚಾಲಯ, ಸ್ನಾನದ ಜಾಗ, ಬಟ್ಟೆ ಒಣಗಿಸುವ ಕಡೆ, ಸ್ಟೋರ್ ರೂಮಿನ ಹಿಂಭಾಗ, ಖಾಲಿ ಬ್ಯಾರಕ್, ಬಸ್ಸಿನ ಕೊನೆಯ ಸೀಟು. ಎಲ್ಲವನ್ನೂ ಗುರುತು ಮಾಡಿ. ಜೊತೆಗೆ ಕಳೆದ ವರ್ಷ ಬಂದಿದ್ದ ಕೆಡೆಟ್ ಒಬ್ಬರನ್ನು ಕರೆದುಕೊಂಡು ಹೋದರೆ ಒಳ್ಳೆಯದು. ನಿಮಗೆ ಕಾಣದ ಜಾಗ ಅವರಿಗೆ ಗೊತ್ತಿರುತ್ತದೆ.

ಆಮೇಲೆ ವೇಳಾಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಬರೆದಿರುವುದನ್ನು ಬಿಡಿ, ಎರಡು ಸಾಲಿನ ನಡುವೆ ಇರುವ ಖಾಲಿಯನ್ನು ನೋಡಿ. ರಾತ್ರಿ ಊಟ ಮುಗಿದು ದೀಪ ಆರುವವರೆಗೆ ಏನಾಗುತ್ತದೆ? ದೀಪ ಆರಿದ ಮೊದಲ ಎರಡು ಗಂಟೆ? ಬೆಳಗ್ಗೆ ಎಲ್ಲರೂ ಸಾಲಾಗಿ ನಿಲ್ಲುವ ಫಾಲ್‌ಇನ್‌ಗೆ ಮುಂಚಿನ ಅರ್ಧ ಗಂಟೆ? ಇನ್‌ಸ್ಟ್ರಕ್ಟರ್‌ಗಳೆಲ್ಲ ಒಟ್ಟಿಗೆ ಮೀಟಿಂಗಿಗೆ ಹೋದಾಗ ಮಕ್ಕಳ ಹತ್ತಿರ ಯಾರಿರುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ಬಹುತೇಕ ಕಡೆ ‘ಸೀನಿಯರ್‌ಗಳು’ ಎಂದೇ ಬರುತ್ತದೆ.

ಪ್ರತಿ ಖಾಲಿ ಹೊತ್ತಿಗೂ ಒಬ್ಬ ದೊಡ್ಡವರ ಹೆಸರು ಬರೆಯಿರಿ. ‘ಡ್ಯೂಟಿ ಸ್ಟಾಫ್’ ಎಂದು ಬರೆದರೆ ಯಾರ ಹೆಸರೂ ಬರೆಯದ ಹಾಗೇ. ವ್ಯಕ್ತಿಯ ಹೆಸರು, ಎಷ್ಟರಿಂದ ಎಷ್ಟು ಗಂಟೆ, ಯಾವ ಜಾಗ, ಮೂರೂ ಬೇಕು. ರಾತ್ರಿ ಸುತ್ತು ಹಾಕುವ ಹೊತ್ತು ದಿನವೂ ಬದಲಾಗಬೇಕು. ಹತ್ತೂವರೆಗೆ ಒಬ್ಬರು ಬಂದು ಹೋದರೆ ಮತ್ತೆ ಬೆಳಗಿನವರೆಗೆ ಯಾರೂ ಬರುವುದಿಲ್ಲ ಎಂಬುದು ಎರಡನೇ ದಿನಕ್ಕೇ ಮಕ್ಕಳಿಗೆ ಗೊತ್ತಾಗುತ್ತದೆ.

ಮಲಗುವ ವ್ಯವಸ್ಥೆಯಲ್ಲಿ ವಯಸ್ಸು ನೋಡಿ. ಹದಿಮೂರರವರನ್ನೂ ಹದಿನೇಳರವರನ್ನೂ ಒಂದೇ ಟೆಂಟಿಗೆ ಹಾಕಬೇಡಿ. ಕತ್ತಲಾದ ಮೇಲೆ ಸೀನಿಯರ್‌ಗಳು ಜೂನಿಯರ್ ಟೆಂಟಿನ ಒಳಗೆ ಹೋಗುವಂತಿಲ್ಲ, ಕೆಲಸವಿದ್ದರೆ ಬಾಗಿಲಲ್ಲೇ ನಿಂತು ಮಾತಾಡಬೇಕು. ಮಕ್ಕಳು ಕೂಗಿದರೆ ಕೇಳಿಸುವಷ್ಟು ಹತ್ತಿರ ದೊಡ್ಡವರು ಮಲಗಬೇಕು, ಆದರೆ ಮಕ್ಕಳ ಟೆಂಟಿನೊಳಗೆ ಅಲ್ಲ. ಸ್ಟೋರ್ ಮತ್ತು ಖಾಲಿ ಕೋಣೆಗಳ ಕೀ ಸೀನಿಯರ್ ಕೆಡೆಟ್ ಹತ್ತಿರ ಇರಬಾರದು.

ಕ್ಯಾಂಪಿನ ಕೊನೆಯ ರಾತ್ರಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ‘ನಾಳೆ ಹೇಗೂ ಮನೆಗೆ ಹೋಗುತ್ತೇವೆ, ಇನ್ನು ಯಾರೂ ಏನೂ ಮಾಡಲ್ಲ’ ಎಂಬ ಧೈರ್ಯ ಆ ರಾತ್ರಿ ಎಲ್ಲರಿಗೂ ಬಂದಿರುತ್ತದೆ. ಇನ್‌ಸ್ಟ್ರಕ್ಟರ್‌ಗಳು ದಣಿದು ಬೇಗ ಮಲಗುವುದೂ ಅದೇ ರಾತ್ರಿ. ಅವತ್ತು ಕಾರ್ಯಕ್ರಮವನ್ನು ಸ್ವಲ್ಪ ತಡವಾಗಿ ಮುಗಿಸಿ. ಬೆಳಗಿನವರೆಗೆ ಪಾಳಿಯಲ್ಲಿ ಇಬ್ಬರು ಎಚ್ಚರವಿರಲಿ. ಬಡ್ತಿ ಘೋಷಣೆಯಾದ ದಿನಕ್ಕೂ ಇದೇ ಎಚ್ಚರಿಕೆ ಬೇಕು.

ಹಾಗೆಂದು ಬಿಡುವೇ ಇಲ್ಲದಂತೆ ದಿನ ತುಂಬಬೇಡಿ. ಮಕ್ಕಳಿಗೆ ಸುಮ್ಮನೆ ಕೂತು ಹರಟುವ ಹೊತ್ತು ಬೇಕೇ ಬೇಕು. ಅದು ದೂರದಿಂದ ಕಾಣುವ ಜಾಗದಲ್ಲಿ ನಡೆದರೆ ಸಾಕು.

ಹೆಜ್ಜೆ 3: ಶಿಕ್ಷೆಯ ಅಧಿಕಾರ ಸೀನಿಯರ್ ಕೆಡೆಟ್ ಕೈಯಿಂದ ತೆಗೆಯಿರಿ

ಇದನ್ನು ಹೇಳಿದರೆ ತಕ್ಷಣ ವಿರೋಧ ಬರುತ್ತದೆ. ‘ಹಾಗಾದರೆ ಸೀನಿಯರ್‌ಗೆ ಬೆಲೆ ಏನು?’ ಎನ್ನುತ್ತಾರೆ. ಈ ಜಗಳ ಹಳೆಯದು.

ಅಮೆರಿಕದ ನೌಕಾ ಅಕಾಡೆಮಿಯಲ್ಲಿ ರ್‍ಯಾಗಿಂಗ್ ತಡೆಯಲು ಅಲ್ಲಿನ ಸಂಸತ್ತು 1874ರಲ್ಲೇ ಕಾನೂನು ಮಾಡಿತ್ತು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಕಿರುಕುಳಕ್ಕೆ ಒಳಗಾಗಿ ಹೊರಬಂದಿದ್ದ ಕೆಡೆಟ್ ಒಬ್ಬ 1900ರಲ್ಲಿ ತೀರಿಕೊಂಡ. ಸಾವಿಗೆ ಕಾರಣ ಕಾಯಿಲೆ ಎಂದು ತನಿಖೆ ಹೇಳಿತು. ಆದರೆ ಅಲ್ಲಿ ಏನೇನು ನಡೆಯುತ್ತಿತ್ತು ಎಂಬುದು ತನಿಖೆಯಲ್ಲಿ ಹೊರಗೆ ಬಂತು. ಆಗ ಸಾಕ್ಷಿ ಹೇಳಿದವರಲ್ಲಿ ಹೊಸದಾಗಿ ಸೇರಿ ತಾನೂ ಕಿರುಕುಳ ತಿಂದಿದ್ದ ಡಗ್ಲಸ್ ಮೆಕಾರ್ಥರ್ ಒಬ್ಬರು. ಅವರೇ 1919ರಲ್ಲಿ ಅದೇ ಅಕಾಡೆಮಿಯ ಮುಖ್ಯಸ್ಥರಾಗಿ ಬಂದರು. ಬಂದವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ಹೀಗಿತ್ತು: ಹೊಸಬರ ಮೊದಲ ಬೇಸಿಗೆಯ ತರಬೇತಿಯನ್ನು ಸೀನಿಯರ್ ಕೆಡೆಟ್‌ಗಳಿಂದ ತೆಗೆದು ಅಧಿಕಾರಿಗಳಿಗೆ ಒಪ್ಪಿಸಿದರು. ಹಳೆಯ ವಿದ್ಯಾರ್ಥಿಗಳು ಜೋರಾಗಿ ವಿರೋಧಿಸಿದರು. 1922ರಲ್ಲಿ ಮೆಕಾರ್ಥರ್ ಹೋದ ಮೇಲೆ ಅವರು ತಂದ ಹಲವು ಬದಲಾವಣೆಗಳನ್ನು ಹಿಂದಕ್ಕೆ ತಗೊಂಡರು.

ಇದರಲ್ಲಿ ನಮಗೆ ಬೇಕಾದ ವಿಷಯ ಎರಡು. ಅಧಿಕಾರ ಯಾರ ಕೈಯಲ್ಲಿ ಎಂಬುದನ್ನು ಬದಲಿಸದೆ ಬರೀ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ಬದಲಾವಣೆ ಒಬ್ಬ ಒಳ್ಳೆಯ ಅಧಿಕಾರಿಯ ಮೇಲೆ ನಿಂತಿದ್ದರೆ ಅವರ ವರ್ಗಾವಣೆಯ ಜೊತೆ ಅದೂ ಹೋಗುತ್ತದೆ. ಆದ್ದರಿಂದ ನಿಯಮವನ್ನು ಲಿಖಿತವಾಗಿ ಮಾಡಿ, ಘಟಕದ ಸ್ಥಾಯಿ ಆದೇಶದಲ್ಲಿ ಸೇರಿಸಿ.

ಸೀನಿಯರ್ ಏನು ಮಾಡಬಹುದು? ತಪ್ಪು ತೋರಿಸಬಹುದು. ಮತ್ತೆ ಮಾಡಿ ತೋರಿಸಬಹುದು. ಅದೇ ಡ್ರಿಲ್ ಇನ್ನೊಮ್ಮೆ ಮಾಡಿಸಬಹುದು, ಮೈದಾನದಲ್ಲಿ, ಎಲ್ಲರ ಎದುರು. ಕೇಳದಿದ್ದರೆ ಇನ್‌ಸ್ಟ್ರಕ್ಟರ್‌ಗೆ ವರದಿ ಮಾಡಬಹುದು. ಏನು ಮಾಡಬಾರದು? ಮೈ ಮುಟ್ಟಬಾರದು. ವ್ಯಾಯಾಮವನ್ನು ಶಿಕ್ಷೆಯಾಗಿ ಕೊಡಬಾರದು. ಊಟ, ನೀರು, ನಿದ್ದೆ, ಫೋನ್ ಕರೆ ತಡೆಯಬಾರದು. ಒಬ್ಬನನ್ನೇ ಪ್ರತ್ಯೇಕವಾಗಿ ಕರೆಸಬಾರದು. ಇಷ್ಟನ್ನು ಒಂದು ಸಣ್ಣ ಕಾರ್ಡಿನಲ್ಲಿ ಬರೆದು ರ್‍ಯಾಂಕ್ ಕೊಡುವಾಗಲೇ ಕೈಗೆ ಕೊಡಿ. ಹೊಸಬರಿಗೂ ಅದೇ ಕಾರ್ಡ್ ಕೊಡಿ. ಇದು ಬಹಳ ಮುಖ್ಯ. ಸೀನಿಯರ್‌ಗೆ ಎಷ್ಟು ಅಧಿಕಾರ ಇದೆ ಎಂಬುದು ಜೂನಿಯರ್‌ಗೂ ಗೊತ್ತಿರಬೇಕು.

ಕಾರ್ಡ್ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಹದಿನಾರು-ಹದಿನೇಳರ ಹುಡುಗಿಗೆ ಇಪ್ಪತ್ತು ಮಕ್ಕಳನ್ನು ನಡೆಸು ಎಂದು ಹೇಳಿ, ಹೇಗೆ ಎಂದು ಹೇಳದಿದ್ದರೆ ಅವಳು ತನ್ನ ಮೇಲೆ ನಡೆದದ್ದನ್ನೇ ಮಾಡುತ್ತಾಳೆ. ಅವಳಿಗೆ ಬೇರೆ ದಾರಿ ಗೊತ್ತಿಲ್ಲ. ಬಡ್ತಿಗೆ ಮುಂಚೆ ಅರ್ಧ ದಿನ ಅಭ್ಯಾಸ ಮಾಡಿಸಿ. ಒಬ್ಬ ಜೂನಿಯರ್ ತಡವಾಗಿ ಬಂದ, ಒಬ್ಬ ಎದುರುತ್ತರ ಕೊಟ್ಟ, ಒಬ್ಬಳು ಅಳುತ್ತಿದ್ದಾಳೆ. ಏನು ಹೇಳುತ್ತೀರಿ? ನಿಂತು ಆಡಿ ತೋರಿಸಲಿ. ಏನು ಹೇಳಬೇಕೆಂದು ಗೊತ್ತಿದ್ದವರು ಬೇಗ ಹೊಡೆಯಲು ಕೈ ಎತ್ತುವುದಿಲ್ಲ.

‘ನಮಗೂ ಇದೆಲ್ಲ ಮಾಡಿದ್ದರು’ ಎಂಬ ಸಿಟ್ಟನ್ನೂ ನೇರವಾಗಿ ಎತ್ತಿಕೊಳ್ಳಿ. ಅದನ್ನು ತಳ್ಳಿಹಾಕಬೇಡಿ. ನಿಮಗೆ ಆದದ್ದು ತಪ್ಪು, ಆಗ ನಾವು ತಡೆಯಲಿಲ್ಲ ಎಂದು ಘಟಕದ ಪರವಾಗಿ ಹೇಳಿ. ಹೊಸಬರನ್ನು ಕಾಡುವುದನ್ನು ಸೀನಿಯರ್ ಬಾಕಿ ವಸೂಲಿ ಎಂದುಕೊಂಡಿರುತ್ತಾನೆ. ಆದರೆ ಸಾಲ ಮಾಡಿದವನು ಒಬ್ಬ, ಇವನು ವಸೂಲಿಗೆ ಹೋಗುವುದು ಇನ್ನೊಬ್ಬನ ಮನೆಗೆ.

ಸೀನಿಯರ್‌ಗಳ ಮುಂದಿನ ಬಡ್ತಿಯನ್ನು ಅವರ ಕೈಕೆಳಗಿನ ಹೊಸಬರಿಗೆ ಕಟ್ಟಿ. ಎಷ್ಟು ಜನ ಕೊನೆಯವರೆಗೂ ಉಳಿದರು, ಎಷ್ಟು ಜನ ಪರೀಕ್ಷೆ ಪಾಸಾದರು ಎಂದು ನೋಡಿ. ಆಗ ಬೆಲೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಹೆಜ್ಜೆ 4: ವ್ಯಾಯಾಮದ ಶಿಕ್ಷೆ ಬೇಡ, ಯಾರಿಂದಲೂ ಬೇಡ

ನೂರು ಬಸ್ಕಿ, ನೂರು ಪುಷ್‌ಅಪ್ ಇದೇನು ಮಹಾ ಎಂದು ಅನಿಸಬಹುದು. ಅಭ್ಯಾಸವಿಲ್ಲದ ದೇಹದಿಂದ ಬಲವಂತವಾಗಿ ಮಾಡಿಸಿದರೆ ಸ್ನಾಯುಗಳು ಒಡೆದು, ಅದರೊಳಗಿನ ಪದಾರ್ಥ ರಕ್ತಕ್ಕೆ ಸೇರಿ ಕಿಡ್ನಿ ಕೆಡುವ ಅಪಾಯವಿದೆ. ವೈದ್ಯರು ಇದನ್ನು ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಲಕ್ಷಣ ಅಂದೇ ಕಾಣಬೇಕು ಎಂದಿಲ್ಲ, ಒಂದೆರಡು ದಿನ ಬಿಟ್ಟು ಬರಬಹುದು. ವಿಪರೀತ ಮೈಕೈ ನೋವು, ಊತ, ನಿಶ್ಶಕ್ತಿ, ಕೋಲಾದಂತೆ ಕಪ್ಪಾದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಸಿಲಿನಲ್ಲಿ ಶಿಕ್ಷೆ ಇನ್ನೂ ಅಪಾಯ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ಗೊಂದಲವಾಗಿ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಒಬ್ಬರು ಆಂಬ್ಯುಲೆನ್ಸ್‌ಗೆ ಫೋನ್ ಮಾಡುತ್ತಿರುವಾಗಲೇ ಉಳಿದವರು ತಣ್ಣೀರಿನಿಂದ ಮೈ ತಂಪು ಮಾಡಲು ಶುರುಮಾಡಬೇಕು. ಆಸ್ಪತ್ರೆ ಮುಟ್ಟಿದ ಮೇಲೆ ನೋಡೋಣ ಎಂದು ಕಾಯಬಾರದು. ಬಲವಂತವಾಗಿ ಲೀಟರ್‌ಗಟ್ಟಲೆ ನೀರು ಕುಡಿಸುವುದೂ ಆಟವಲ್ಲ. ರಕ್ತದಲ್ಲಿ ಸೋಡಿಯಂ ಇಳಿದು ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು.

ಶಿಸ್ತು ಮುರಿದರೆ ಏನು ಮಾಡಬೇಕು ಹಾಗಾದರೆ? ಬಿಡುವಿನ ಸ್ವಲ್ಪ ಹೊತ್ತು ಕಡಿತ, ಇನ್‌ಸ್ಟ್ರಕ್ಟರ್ ಎದುರಲ್ಲಿ ಹೆಚ್ಚುವರಿ ಕೆಲಸ, ಪೋಷಕರಿಗೆ ಫೋನ್, ರ್‍ಯಾಂಕ್ ಕಡಿತ. ಪ್ರತಿಯೊಂದೂ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಬರೆಯಲು ನಾಚಿಕೆಯಾಗುವ ಶಿಕ್ಷೆಯನ್ನು ಕೊಡಲೇಬೇಡಿ.

ಹೆಜ್ಜೆ 5: ಸ್ವಾಗತವನ್ನು ನೀವೇ ಏರ್ಪಡಿಸಿ

ಹೊಸಬರು ಗುಂಪಿಗೆ ಸೇರುವಾಗ ಏನಾದರೊಂದು ವಿಧಿ ಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಆ ಆಸೆ ತಪ್ಪಲ್ಲ. ನೀವು ಏನೂ ಕೊಡದಿದ್ದರೆ ಸೀನಿಯರ್‌ಗಳು ತಮ್ಮದೇ ಒಂದು ವಿಧಿ ಮಾಡಿಕೊಳ್ಳುತ್ತಾರೆ.

‘ಒಟ್ಟಿಗೆ ಕಷ್ಟಪಟ್ಟರೆ ಬಾಂಧವ್ಯ ಬೆಳೆಯುತ್ತೆ’ ಎಂಬ ವಾದವನ್ನೂ ಸ್ವಲ್ಪ ನೋಡೋಣ. 1959ರಲ್ಲಿ ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮುಜುಗರದ ಪರೀಕ್ಷೆ ದಾಟಿ ಗುಂಪಿಗೆ ಸೇರಿದವರಿಗೆ, ಬೇಕೆಂದೇ ನೀರಸವಾಗಿ ಮಾಡಿದ್ದ ಒಂದು ಚರ್ಚೆಯನ್ನು ಕೇಳಿಸಿದರು. ಸುಲಭವಾಗಿ ಸೇರಿದವರಿಗಿಂತ ಇವರಿಗೆ ಅದು ಜಾಸ್ತಿ ಚೆನ್ನಾಗಿದೆ ಅನಿಸಿತು. ಇಷ್ಟು ಕಷ್ಟಪಟ್ಟು ಬಂದಿದ್ದೇನೆ, ಚೆನ್ನಾಗಿಲ್ಲದೆ ಇರುತ್ತಾ ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ರ್‍ಯಾಗಿಂಗ್ ತಿಂದವರೇ ಅದನ್ನು ಹೊಗಳುವುದು ಇದೇ ಕಾರಣಕ್ಕೆ ಇರಬಹುದು. ಗುಂಪು ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕಷ್ಟ ಬೇಕಿದ್ದರೆ ಎಲ್ಲರೂ ಸೇರಿ ಪಡುವ ಕಷ್ಟ ಇರಲಿ. ಹೊಸಬರು-ಹಳಬರು ಕೂಡಿದ ತಂಡದಲ್ಲಿ ಉದ್ದದ ನಡಿಗೆ, ನಕ್ಷೆ ಹಿಡಿದು ದಾರಿ ಹುಡುಕುವುದು, ಅಡೆತಡೆ ಓಟ. ಕೊನೆಗೆ ಒಂದು ಸಣ್ಣ ಸಮಾರಂಭ ಮಾಡಿ, ಬ್ಯಾಡ್ಜನ್ನು ಸೀನಿಯರ್ ಕೈಯಿಂದಲೇ ಹೊಸಬರ ಅಂಗಿಗೆ ಹಾಕಿಸಿ. ಪೋಷಕರೂ ಬರಲಿ.

ಹೆಜ್ಜೆ 6: ದೊಡ್ಡವರು ತಮ್ಮ ಬಾಯಿಯನ್ನೂ ನೋಡಿಕೊಳ್ಳಲಿ

‘ನಮ್ಮ ಕಾಲದಲ್ಲಿ ಹೇಗಿತ್ತು ಗೊತ್ತಾ’ ಎಂದು ನಗುತ್ತ ಕಥೆ ಹೇಳುವ ಇನ್‌ಸ್ಟ್ರಕ್ಟರ್ ಒಬ್ಬರಿದ್ದರೆ ಪೋಸ್ಟರ್ ಎಲ್ಲ ದಂಡ. ಮಕ್ಕಳು ಅದನ್ನು ಅನುಮತಿ ಎಂದೇ ತಿಳಿಯುತ್ತಾರೆ. ಇನ್‌ಸ್ಟ್ರಕ್ಟರ್‌ಗಳ ಜೊತೆ ಮೊದಲೇ ಕೂತು ಇದನ್ನು ಮಾತಾಡಿ.

ಉಳಿದ ನಿಯಮಗಳು ಎಲ್ಲ ಮಕ್ಕಳ ಸಂಸ್ಥೆಗಳಲ್ಲೂ ಇರಬೇಕಾದವೇ. ಯಾವ ದೊಡ್ಡವರೂ ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರಬಾರದು. ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಹಿನ್ನೆಲೆ ವಿಚಾರಿಸಬೇಕು. ಹಳೆಯ ಕೆಡೆಟ್‌ಗಳು ಕ್ಯಾಂಪ್ ನೋಡಲು ಬಂದರೆ ಅತಿಥಿಗಳಂತೆ ಹಗಲಲ್ಲಿ ಬಂದು ಹೋಗಲಿ, ರಾತ್ರಿ ಉಳಿಯುವುದು ಬೇಡ.

ಹೆಜ್ಜೆ 7: ಹೇಳಿಕೊಳ್ಳಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ

ಅಮೆರಿಕದ ಮೇಯ್ನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆಯ ವರದಿ ಕೊಟ್ಟರು. ತಮಗಾದದ್ದು ರ್‍ಯಾಗಿಂಗ್ ಎಂದು ಸ್ವತಃ ಗುರುತಿಸಿದವರಲ್ಲೂ ನೂರಕ್ಕೆ 95 ಜನ ಕಾಲೇಜಿನ ಅಧಿಕಾರಿಗಳಿಗೆ ದೂರು ಕೊಟ್ಟಿರಲಿಲ್ಲ. ಅದು ಸಾಮಾನ್ಯ ಕಾಲೇಜುಗಳ ಲೆಕ್ಕ. ಸಮವಸ್ತ್ರ, ರ್‍ಯಾಂಕ್, ‘ಚಾಡಿ ಹೇಳಬಾರದು’ ಎಂಬ ಕಟ್ಟುಪಾಡು ಇರುವ ಕಡೆ ಹೇಳುವುದು ಇನ್ನೂ ಕಷ್ಟ. ದೂರು ಬಂದಿಲ್ಲ ಎಂದರೆ ಏನೂ ನಡೆದಿಲ್ಲ ಎಂದು ತಿಳಿಯಬೇಡಿ.

ಸೇನೆಯ ಪದ್ಧತಿಯಲ್ಲಿ ದೂರು ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರನ್ನೇ ದಾಟಿ ಹೋಗಬೇಕು. ಮೊದಲ ಮೆಟ್ಟಿಲೇ ಆ ಸೀನಿಯರ್ ಆಗಿದ್ದರೆ? ಅದಕ್ಕೆ ಈ ವಿಷಯದಲ್ಲಿ ಮೆಟ್ಟಿಲು ಹತ್ತಬೇಕಿಲ್ಲ ಎಂದು ಸ್ಪಷ್ಟವಾಗಿ ಘೋಷಿಸಿ. ಕನಿಷ್ಠ ಮೂರು ದಾರಿ ಕೊಡಿ. ಘಟಕದ ಒಳಗೆ ಒಬ್ಬರು. ಸಮವಸ್ತ್ರ ಹಾಕದ ಒಬ್ಬರು, ಶಾಲೆಯ ಆಪ್ತಸಮಾಲೋಚಕರೋ ವೈದ್ಯರೋ ಆಗಬಹುದು. ಸಂಸ್ಥೆಗೇ ಸಂಬಂಧವಿಲ್ಲದ ಒಂದು ಸಹಾಯವಾಣಿ. ಈ ಹೆಸರು-ನಂಬರುಗಳನ್ನು ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಿ. ಆಫೀಸಿನ ಮುಂದಿನ ದೂರು ಪೆಟ್ಟಿಗೆಗೆ ಚೀಟಿ ಹಾಕಲು ಎಲ್ಲರೂ ನೋಡುವಾಗ ಯಾರು ಹೋಗುತ್ತಾರೆ? ದಿನಕ್ಕೊಮ್ಮೆ ಮನೆಗೆ ಫೋನ್ ಮಾಡಲು ಬಿಡಿ, ಪಕ್ಕದಲ್ಲಿ ಯಾರೂ ನಿಲ್ಲದಂತೆ.

ನೋಡುತ್ತ ನಿಂತವರಿಗೂ ಕೆಲಸ ಕಲಿಸಿ. ಜನ ಜಾಸ್ತಿ ಇದ್ದಷ್ಟೂ ‘ಬೇರೆ ಯಾರಾದರೂ ಹೇಳುತ್ತಾರೆ’ ಎಂದು ಎಲ್ಲರೂ ಸುಮ್ಮನಿರುತ್ತಾರೆ ಎಂಬುದನ್ನು ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲೇ ಪ್ರಯೋಗದಲ್ಲಿ ತೋರಿಸಿದ್ದಾರೆ. ಹೋಗಿ ಎದುರಿಸು ಎಂದರೆ ಮಕ್ಕಳಿಗೆ ಆಗುವುದಿಲ್ಲ. ‘ಸರ್ ಅವನನ್ನು ಕರೀತಿದ್ದಾರೆ’ ಎಂದು ಒಂದು ಸುಳ್ಳು ಹೇಳಿ ಆ ಹುಡುಗನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದು ಆಗುತ್ತದೆ. ಈ ಸುಳ್ಳಿಗೆ ಶಿಕ್ಷೆ ಇಲ್ಲ ಎಂದು ಮೊದಲೇ ಹೇಳಿಡಿ. ಮರುದಿನ ಅವನ ಹತ್ತಿರ ಹೋಗಿ ‘ನಾನು ನೋಡಿದೆ, ಬೇಕಾದರೆ ನಿನ್ನ ಜೊತೆ ಬರುತ್ತೇನೆ’ ಎಂದು ಹೇಳುವುದೂ ದೊಡ್ಡ ಸಹಾಯ.

ಹೆಜ್ಜೆ 8: ದೂರು ಬಂದ ಮೊದಲ ದಿನ

ಇಲ್ಲಿ ಎಡವಿದರೆ ಉಳಿದೆಲ್ಲ ಹೆಜ್ಜೆ ವ್ಯರ್ಥ. ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಮೊದಲು ಕೇಳಿ. ನಡುವೆ ಬಾಯಿ ಹಾಕಬೇಡಿ. ‘ನೀನೇನು ಮಾಡಿದ್ದೆ?’ ಎಂದು ಕೇಳಬೇಡಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ‘ಹೇಳಿದ್ದು ಒಳ್ಳೆಯದಾಯಿತು, ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. ಆ ಮಗುವಿನ ಮಾತನ್ನು ಅದರ ಪದಗಳಲ್ಲೇ ಬರೆದು ದಿನ, ಗಂಟೆ ಹಾಕಿ. ಮತ್ತೆ ಮತ್ತೆ ಹತ್ತು ಜನರ ಮುಂದೆ ಅದೇ ಕಥೆ ಹೇಳಿಸಬೇಡಿ.

ಗಾಯವಿದ್ದರೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಅದೇ ದಿನ ಪೋಷಕರಿಗೆ ತಿಳಿಸಿ. ಇಬ್ಬರನ್ನೂ ಬೇರೆ ಮಾಡಬೇಕಾದರೆ ಆರೋಪ ಬಂದವನ ಟೆಂಟ್ ಬದಲಿಸಿ, ದೂರು ಕೊಟ್ಟವನದ್ದಲ್ಲ. ಫೋಟೋ, ವಿಡಿಯೋ, ಮೆಸೇಜ್ ಇದ್ದರೆ ಅಳಿಸದಂತೆ ನೋಡಿಕೊಳ್ಳಿ, ಆದರೆ ಬೇರೆಯವರಿಗೆ ಕಳಿಸಬೇಡಿ. ಹಲ್ಲೆ ಆಗಿದ್ದರೆ, ಲೈಂಗಿಕ ಕಿರುಕುಳ ಆಗಿದ್ದರೆ, ಅದು ಘಟಕದ ಒಳಗೆ ಬಗೆಹರಿಸುವ ವಿಷಯವೇ ಅಲ್ಲ. ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ಹೋಗಬೇಕು. ಹುಡುಗರ ಮೇಲೆ ನಡೆದಾಗ ‘ತಮಾಷೆ’ ಎಂದು ಬಿಡುವುದು ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆರೋಪ ಬಂದವರೂ ಅನೇಕ ಸಲ ಮಕ್ಕಳೇ. ಅವರ ಪೋಷಕರನ್ನೂ ಕರೆಸಿ, ಅವರ ಮಾತನ್ನೂ ಕೇಳಿ. ವಿಚಾರಣೆ ಮುಗಿಯುವವರೆಗೆ ರ್‍ಯಾಂಕಿನ ಅಧಿಕಾರ ಮಾತ್ರ ತಡೆಹಿಡಿಯಿರಿ. ಎಲ್ಲರ ಎದುರು ನಿಲ್ಲಿಸಿ ಬೈಯುವುದು ಬೇಡ, ಅದು ರ್‍ಯಾಗಿಂಗ್‌ಗೆ ಉತ್ತರವಾಗಿ ಇನ್ನೊಂದು ರ್‍ಯಾಗಿಂಗ್. ಇಬ್ಬರ ಕೈ ಕುಲುಕಿಸಿ ‘ಮುಗೀತು’ ಎನ್ನುವುದೂ ಬೇಡ. ಇಡೀ ತುಕಡಿಗೆ (ಪ್ಲಟೂನಿಗೆ) ಸಾಮೂಹಿಕ ಶಿಕ್ಷೆಯಂತೂ ಬೇಡವೇ ಬೇಡ. ಆಗ ಎಲ್ಲರ ಸಿಟ್ಟು ದೂರು ಕೊಟ್ಟವನ ಮೇಲೆ ತಿರುಗುತ್ತದೆ. ಮುಂದಿನ ಕೆಲವು ವಾರ ಅವನನ್ನು ಯಾರಾದರೂ ದೂರ ಮಾಡುತ್ತಿದ್ದಾರಾ, ಗ್ರೂಪ್ ಚಾಟಿನಿಂದ ತೆಗೆದಿದ್ದಾರಾ ಎಂದು ಗಮನಿಸಿ.

ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಡುವವರು ಕೆನಡಾದ ಏರ್‌ಬೋರ್ನ್ (ಪ್ಯಾರಾಚೂಟ್ ಸೈನಿಕರ) ರೆಜಿಮೆಂಟನ್ನು ನೆನೆಸಿಕೊಳ್ಳಬಹುದು. ಸೊಮಾಲಿಯಾದಲ್ಲಿ ಅದರ ಸೈನಿಕರು ಒಬ್ಬ ಹದಿಹರೆಯದವನನ್ನು ಹಿಂಸಿಸಿ ಕೊಂದಿದ್ದರು. ಅದರ ಬೆನ್ನಿಗೆ ಹೊಸಬರಿಗೆ ಕೊಡುತ್ತಿದ್ದ ಕಿರುಕುಳದ ವಿಡಿಯೋ ಹೊರಬಂತು. 1995ರಲ್ಲಿ ಸರ್ಕಾರ ಇಡೀ ರೆಜಿಮೆಂಟನ್ನೇ ವಿಸರ್ಜಿಸಿತು.

ಹೆಜ್ಜೆ 9: ಪೋಷಕರು ನೋಡಬೇಕಾದದ್ದು

ಸೇರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ರಾತ್ರಿ ಮಕ್ಕಳ ಹತ್ತಿರ ಯಾರಿರುತ್ತಾರೆ? ಸೀನಿಯರ್ ಕೆಡೆಟ್ ಶಿಕ್ಷೆ ಕೊಡಬಹುದಾ? ದೂರು ಇದ್ದರೆ ಯಾರಿಗೆ ಹೇಳಬೇಕು? ಸರಿಯಾಗಿ ನಡೆಯುವ ಘಟಕದವರು ತಡವರಿಸದೆ ಉತ್ತರ ಕೊಡುತ್ತಾರೆ.

ಮನೆಗೆ ಬಂದ ಮೇಲೆ ‘ರ್‍ಯಾಗಿಂಗ್ ಆಯ್ತಾ?’ ಎಂದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಬದಲಿಗೆ ‘ರಾತ್ರಿ ದೀಪ ಆರಿದ ಮೇಲೆ ಏನು ಮಾಡ್ತಿದ್ರಿ?’, ‘ಸೀನಿಯರ್‌ಗಳಲ್ಲಿ ಯಾರನ್ನು ಕಂಡರೆ ಭಯ?’ ಎಂದು ಕೇಳಿ. ಕಾರಣವಿಲ್ಲದ ಮೂಗೇಟು, ನಿದ್ದೆ ಇಲ್ಲದಿರುವುದು, ಸಮವಸ್ತ್ರ ಕಂಡರೆ ಹೊಟ್ಟೆನೋವು, ಮೊದಲು ಇಷ್ಟಪಡುತ್ತಿದ್ದ ಪರೇಡಿಗೆ ಹೋಗದಿರಲು ನೆಪ ಹೇಳುವುದು, ಇವನ್ನು ಗಮನಿಸಿ. ‘ಸ್ವಲ್ಪ ಸಹಿಸ್ಕೊ, ಗಟ್ಟಿಯಾಗ್ತೀಯ’ ಎಂದು ಒಮ್ಮೆ ಹೇಳಿದರೆ ಸಾಕು, ಮತ್ತೆ ನಿಮ್ಮ ಹತ್ತಿರ ಹೇಳಿಕೊಳ್ಳುವುದಿಲ್ಲ.

ಹೆಜ್ಜೆ 10: ನಡೆಯುತ್ತಿದೆಯಾ ಇಲ್ಲವಾ ಎಂದು ಅಳೆಯಿರಿ

ಕ್ಯಾಂಪಿನ ಮೂರನೇ ದಿನ ಹೆಸರಿಲ್ಲದ ಒಂದು ಚೀಟಿ ಎಲ್ಲರಿಗೂ ಕೊಡಿ. ಕೊನೆಯ ದಿನ ಕೊಟ್ಟರೆ ಸರಿಪಡಿಸಲು ಹೊತ್ತು ಉಳಿಯುವುದಿಲ್ಲ. ‘ರ್‍ಯಾಗಿಂಗ್’ ಎಂಬ ಮಾತು ಅದರಲ್ಲಿ ಬೇಡ. ‘ಸೀನಿಯರ್‌ಗಳ ಕೆಲಸ ಮಾಡಿಕೊಟ್ಟಿದ್ದೀರಾ? ರಾತ್ರಿ ಯಾರಾದರೂ ಎಬ್ಬಿಸಿದ್ದಾರಾ? ಊಟ ಬಿಡಿಸಿದ್ದಾರಾ? ಯಾವ ಜಾಗಕ್ಕೆ ಒಬ್ಬರೇ ಹೋಗಲು ಭಯವಾಗುತ್ತದೆ?’ ಹೀಗೆ ನಡೆದದ್ದನ್ನು ಕೇಳಿ. ಎಲ್ಲರೂ ಏನಾದರೂ ಬರೆಯಲೇಬೇಕು ಎನ್ನಿ, ಆಗ ಯಾರು ಬರೆಯುತ್ತಿದ್ದಾರೆ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ. ಉತ್ತರಗಳನ್ನು ಅದೇ ಸಂಜೆ ಓದಿ, ಎರಡನೇ ಹೆಜ್ಜೆಯ ನಕ್ಷೆಯ ಪಕ್ಕದಲ್ಲಿಟ್ಟು ಅವತ್ತಿನ ರಾತ್ರಿಯ ಡ್ಯೂಟಿ ಪಟ್ಟಿ ಬದಲಿಸಿ.

ವರ್ಷದ ಕೊನೆಗೆ ಇನ್ನೊಂದು ಕೆಲಸ ಇದೆ, ಬಹಳ ಘಟಕಗಳು ಮಾಡದ ಕೆಲಸ. ನಡುವೆಯೇ ಬಿಟ್ಟುಹೋದ ಕೆಡೆಟ್‌ಗಳ ಪಟ್ಟಿ ಮಾಡಿ. ‘ಓದಿನ ಒತ್ತಡ’ ಎಂದು ಕಾರಣ ಬರೆದು ಹೋಗಿರುತ್ತಾರೆ. ಘಟಕಕ್ಕೆ ಸಂಬಂಧವಿಲ್ಲದ ಒಬ್ಬರಿಂದ ಆ ಮಕ್ಕಳ ಪೋಷಕರಿಗೆ ಫೋನ್ ಮಾಡಿಸಿ, ನಿಜವಾದ ಕಾರಣ ಏನೆಂದು ಕೇಳಿಸಿ. ಒಂದೇ ಪ್ಲಟೂನಿನಿಂದ, ಒಬ್ಬನೇ ಸೀನಿಯರ್ ಕೈಕೆಳಗಿನಿಂದ ಹೆಚ್ಚು ಜನ ಬಿಟ್ಟಿದ್ದರೆ ಮುಂದಿನ ಬಡ್ತಿ ಪಟ್ಟಿಗೆ ಸಹಿ ಹಾಕುವ ಮುಂಚೆ ಆ ಹೆಸರನ್ನು ಇನ್ನೊಮ್ಮೆ ನೋಡಿ.